ಮೈಲೇಜ್ 17ರಿಂದ 13ಕ್ಕೆ ಇಳಿದಿದೆ, ಎಲ್ಲಾ ತಪ್ಪೂ ಎಥನಾಲ್‌ದೇನಾ?

ಪ್ರಶ್ನೆ: ನಾನು ತುಮಕೂರಿನವಳು. ಡಾಬಸ್‌ಪೇಟೆಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಕೆಲಸ. ದಿನಾ ಕಾರಿನಲ್ಲೇ ಹೋಗಿ ಬರುತ್ತೇನೆ, ಎರಡೂ ಕಡೆ ಸೇರಿ ಸುಮಾರು 50 ಕಿ.ಮೀ. ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಗ ಲೀಟರ್‌ಗೆ 17 ಕೊಡುತ್ತಿತ್ತು. ಈಗ 13 ಬಂದರೆ ಹೆಚ್ಚು. ತಿಂಗಳಿಗೆ ಪೆಟ್ರೋಲ್‌ಗೇ ಹತ್ತಿರ ಹತ್ತಿರ 12 ಸಾವಿರ ಹೋಗುತ್ತಿದೆ. ಎಲ್ಲರೂ ಎಥನಾಲ್ ಪೆಟ್ರೋಲ್‌ನಿಂದ ಹೀಗಾಗಿದೆ ಅಂತಾರೆ. ಭಾವ ಇಳಿಜಾರಲ್ಲಿ ನ್ಯೂಟ್ರಲ್ ಹಾಕು ಅಂತಾರೆ. ಸಹೋದ್ಯೋಗಿಯೊಬ್ಬರು 500ಕ್ಕೆ ಹಾಕಿಸಬೇಡಿ, 510ಕ್ಕೆ ಹಾಕಿಸಿ, ಅದೂ ಬೆಳಗ್ಗೆ ಬೇಗ ಅಂತಾರೆ. ಇನ್ನೊಬ್ಬರು ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಹಾಕಿಸಿದ್ದಾರಂತೆ. ಹೈವೇನಲ್ಲಿ ನಾನು 100ರಲ್ಲಿ ಹೋಗುತ್ತೇನೆ, ಬೇಗ ಮುಟ್ಟಿದರೆ ಇಂಜಿನ್ ಕಡಿಮೆ ಹೊತ್ತು ಓಡುತ್ತದೆ ಅಲ್ವಾ? ಮಧ್ಯಾಹ್ನ ಊಟ ಆದ ಮೇಲೆ ಕಾರಿನಲ್ಲಿ ಎಸಿ ಹಾಕಿಕೊಂಡು 20 ನಿಮಿಷ ಕಣ್ಣು ಮುಚ್ಚುತ್ತೇನೆ, ಅದು ಬಿಟ್ಟರೆ ದುಂದುವೆಚ್ಚ ಏನೂ ಇಲ್ಲ. ಸಿಎನ್‌ಜಿ ಕಿಟ್ ಹಾಕಿಸಿಬಿಡಲಾ? ಇದಕ್ಕೆ ಸಂಬಂಧ ಇಲ್ಲ, ಆದರೂ ಕೇಳುತ್ತೇನೆ: ಹೋದ ಬೇಸಿಗೆಯಲ್ಲಿ ಇಂಜಿನ್ ಬಿಸಿಯಾಗಿ ರೇಡಿಯೇಟರ್ ರಿಪೇರಿ ಮಾಡಿಸಿದೆ. ಆಮೇಲೆ ಬಿಸಿಯ ತೊಂದರೆ ಇಲ್ಲ. ಆದರೆ ಡಿಸೆಂಬರ್ ಬೆಳಗ್ಗೆ ಮಂಜಿಗೆ ಗಾಜು ಮಸುಕಾದಾಗ ಹೀಟರ್ ಹಾಕಿದರೆ ಬಿಸಿ ಗಾಳಿಯೇ ಬರಲಿಲ್ಲ. ಅದನ್ನೂ ರಿಪೇರಿ ಮಾಡಿಸಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಇದಕ್ಕೆ ಸಂಬಂಧ ಇಲ್ಲ" ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲೇ. ಆ ಹೀಟರ್ ವಿಷಯಕ್ಕೂ ನಿಮ್ಮ ಪೆಟ್ರೋಲ್ ಬಿಲ್ಲಿಗೂ ಸಂಬಂಧ ಇರುವ ಸಾಧ್ಯತೆ ತುಂಬಾ ಇದೆ. ಅದಕ್ಕೆ ಬರುತ್ತೇನೆ. ಮೊದಲು ಎಷ್ಟು ಹಣದ ಮಾತು ಇದು ಅಂತ ನೋಡೋಣ.

ತಿಂಗಳಿಗೆ 25 ದಿನ ಕೆಲಸ, ದಿನಕ್ಕೆ 50 ಕಿ.ಮೀ., ಜೊತೆಗೆ ಊರೊಳಗಿನ ಓಡಾಟ ಅಂತ 250 ಸೇರಿಸಿದರೆ 1,500 ಕಿ.ಮೀ. ಆಯಿತು. ಲೀಟರ್‌ಗೆ 17 ಬಂದರೆ 88 ಲೀಟರ್ ಬೇಕು. 13 ಬಂದರೆ 115 ಲೀಟರ್. ವ್ಯತ್ಯಾಸ 27 ಲೀಟರ್. ಲೀಟರಿಗೆ 103 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ ಸುಮಾರು 2,800 ರೂಪಾಯಿ. ವರ್ಷಕ್ಕೆ 33 ಸಾವಿರ. ನಿಮಗೆ ಬೇಜಾರಾಗಿರುವುದು ಸಹಜವೇ. ಈ 27 ಲೀಟರ್ ಎಲ್ಲಿ ಹೋಗುತ್ತಿದೆ ಅಂತ ಹುಡುಕುವುದೇ ನಮ್ಮ ಕೆಲಸ. ಹೊಸದಾಗಿ ಏನನ್ನೂ ಕೊಂಡು ಹಾಕಿಸುವ ಮಾತು ಆಮೇಲೆ.

ಎಥನಾಲ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಈಗ ಗ್ಯಾರೇಜಿಗೆ ಬರುವ ಹತ್ತರಲ್ಲಿ ಎಂಟು ಜನ ಬಾಗಿಲಲ್ಲೇ ಅದನ್ನು ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ಅದಕ್ಕೆ ಚಾಲನೆ ಸಿಕ್ಕಿದ್ದೇ ಬೆಂಗಳೂರಿನಲ್ಲಿ. 2025ರ ಹೊತ್ತಿಗೆ ಬಹುತೇಕ ಎಲ್ಲಾ ಬಂಕ್‌ಗಳಲ್ಲೂ ಅದೇ ಆಯಿತು. ಒಂದು ಲೀಟರ್ ಎಥನಾಲ್ ಉರಿದಾಗ ಬರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನ ಸುಮಾರು ಮೂರನೇ ಎರಡು ಭಾಗ ಮಾತ್ರ. ಹಾಗಾಗಿ ಐದರಲ್ಲಿ ಒಂದು ಪಾಲು ಎಥನಾಲ್ ಇದ್ದರೆ ಪ್ರತಿ ಲೀಟರ್‌ನಲ್ಲೂ ಶಕ್ತಿ 7 ಪರ್ಸೆಂಟ್ ಆಸುಪಾಸು ಕಡಿಮೆ. ನೀತಿ ಆಯೋಗ 2021ರಲ್ಲಿ ಕೊಟ್ಟ ವರದಿಯೂ ಹಳೇ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪರ್ಸೆಂಟ್ ಇಳಿಯಬಹುದು ಎಂದೇ ಹೇಳಿತ್ತು. ನಿಮ್ಮದು 2014ರ ಕಾರು, ಆ ಸಾಲಿಗೇ ಸೇರುತ್ತದೆ.

ಈಗ ಲೆಕ್ಕ ಹಾಕಿ. 17ರಲ್ಲಿ 7 ಪರ್ಸೆಂಟ್ ಕಳೆದರೆ 15.8. ನಿಮ್ಮದು 13. ಎಥನಾಲ್ ಹೆಚ್ಚೆಂದರೆ ಒಂದು ಕಿ.ಮೀ. ಚಿಲ್ಲರೆ ತಿಂದಿದೆ. ವಾಸ್ತವದಲ್ಲಿ ಅಷ್ಟೂ ಇಲ್ಲ, ಯಾಕೆಂದರೆ ನೀವು ಕಾರು ತಗೊಂಡ 2021ರಲ್ಲೂ ಪೆಟ್ರೋಲ್‌ನಲ್ಲಿ ಸ್ವಲ್ಪ ಎಥನಾಲ್ ಇದ್ದೇ ಇತ್ತು. ಉಳಿದ ಮೂರು ಕಿ.ಮೀ. ಹತ್ತಿರ ಹತ್ತಿರ ಬೇರೆ ಎಲ್ಲೋ ಹೋಗುತ್ತಿದೆ. ಎಲ್ಲಾ ಎಥನಾಲ್ ತಲೆಗೆ ಕಟ್ಟಿ ಸುಮ್ಮನಾದರೆ ಆ ಮೂರು ಕಿ.ಮೀ. ವಾಪಸ್ ಬರುವ ದಾರಿ ಮುಚ್ಚಿಹೋಗುತ್ತದೆ. ನನಗೆ ಕಾಳಜಿ ಇರುವುದು ಇದೇ ವಿಷಯಕ್ಕೆ. ಎಷ್ಟೋ ಕಾರುಗಳು ನಿಜವಾದ ರೋಗ ಇಟ್ಟುಕೊಂಡು "ಎಥನಾಲ್‌ನಿಂದ ಹೀಗೆ" ಎನ್ನುವ ಮಾತಿನ ಮರೆಯಲ್ಲಿ ಓಡಾಡುತ್ತಿವೆ.

ಎಥನಾಲ್ ಬಗ್ಗೆ ಇನ್ನೊಂದು ಮಾತು. ಮೈಲೇಜ್‌ಗಿಂತ ನಿಮ್ಮ ಕಾರಿಗೆ ಮುಖ್ಯವಾದದ್ದು ರಬ್ಬರ್. ಹಳೇ ಕಾರುಗಳ ಫ್ಯೂಯೆಲ್ ಪೈಪ್, ವಾಷರ್, ಓ-ರಿಂಗ್‌ಗಳು ಇಷ್ಟು ಎಥನಾಲ್‌ಗೆ ತಯಾರಾದವಲ್ಲ. ಕೆಲವು ಗಟ್ಟಿಯಾಗಿ ಸೀಳು ಬಿಡುತ್ತವೆ, ಕೆಲವು ಊದಿಕೊಳ್ಳುತ್ತವೆ. ಬಾನೆಟ್ ತೆಗೆದಾಗ ಅಥವಾ ಬೆಳಗ್ಗೆ ಕಾರಿನ ಬಳಿ ಹೋದಾಗ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ತೋರಿಸಿ. ಅದು ಮೈಲೇಜ್ ವಿಷಯ ಅಲ್ಲ, ಬೆಂಕಿಯ ವಿಷಯ.

ಇನ್ನು ಹೀಟರ್. ಕಾರಿನ ಹೀಟರ್‌ಗೆ ಬೇರೆ ಒಲೆ ಇಲ್ಲ. ಇಂಜಿನ್ ತಂಪು ಮಾಡಲು ಅದರ ಸುತ್ತ ತಿರುಗುವ ದ್ರವ, ಅಂದರೆ ಕೂಲೆಂಟ್, ಬಿಸಿಯಾದ ಮೇಲೆ ಅದರಲ್ಲೇ ಸ್ವಲ್ಪ ಡ್ಯಾಶ್‌ಬೋರ್ಡ್ ಒಳಗಿನ ಸಣ್ಣ ರೇಡಿಯೇಟರ್‌ಗೆ ಬರುತ್ತದೆ, ಅದರ ಮೇಲೆ ಫ್ಯಾನ್ ಗಾಳಿ ಬೀಸಿ ಒಳಗೆ ಬಿಸಿ ಗಾಳಿ ಬರುತ್ತದೆ. ಅರ್ಧ ಗಂಟೆ ಓಡಿದ ಮೇಲೂ ಬಿಸಿ ಗಾಳಿ ಬರುತ್ತಿಲ್ಲ ಅಂದರೆ ಎರಡೇ ಸಾಧ್ಯತೆ ಮುಖ್ಯ: ಹೀಟರ್‌ಗೆ ಹೋಗುವ ದಾರಿ ಎಲ್ಲೋ ಕಟ್ಟಿದೆ, ಇಲ್ಲವೇ ಇಂಜಿನ್ನೇ ಬಿಸಿಯಾಗುತ್ತಿಲ್ಲ. ಬೇಸಿಗೆಯಲ್ಲಿ ಬಿಸಿಯಾಗಿ ರಿಪೇರಿ ಆಯಿತು, ಆಮೇಲೆ ಹೀಟರ್ ತಣ್ಣಗಾಯಿತು, ಮೈಲೇಜೂ ಇಳಿಯಿತು ಎನ್ನುವ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಹೊಳೆಯುವುದು ಒಂದೇ. ನಿಮ್ಮ ಕಾರಿನ ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ.

ಇದು ನಮ್ಮ ಕಡೆ ಬಹಳ ಕಾಲದಿಂದ ನಡೆದುಬಂದ ಅಭ್ಯಾಸ. "ನಮ್ಮ ಬಿಸಿಲಿಗೆ ಇದು ಯಾಕೆ ಬೇಕು, ಚಳಿ ದೇಶಕ್ಕೆ ಮಾಡಿದ್ದು" ಅಂತ ಹೇಳಿ ಕಿತ್ತು ಪಕ್ಕಕ್ಕೆ ಇಡುತ್ತಾರೆ. ತೆಗೆದ ಮೇಲೆ ಕಾರು ಬಿಸಿಯಾಗುವುದು ನಿಲ್ಲುತ್ತದೆ, ಗಿರಾಕಿಗೂ ಸಮಾಧಾನ. ಮೋಸ ಮಾಡಬೇಕು ಅಂತ ಮಾಡುವವರಲ್ಲ. ಕಂಪ್ಯೂಟರ್ ಇಲ್ಲದೆ ಪೆಟ್ರೋಲ್ ಬೆರೆಸುತ್ತಿದ್ದ ಹಳೇ ಕಾರ್ಬೊರೇಟರ್ ಗಾಡಿಗಳಲ್ಲಿ ಕಲಿತ ಕೈ ಹಾಗೇ ಮುಂದುವರಿದಿದೆ. ನಾನೂ ಕೆಲಸ ಕಲಿಯುವಾಗ ನನ್ನ ಉಸ್ತಾದ್ ಹೇಳಿದಂತೆ ಹತ್ತಾರು ಗಾಡಿಗಳಿಂದ ಕಿತ್ತಿದ್ದೇನೆ.

ಥರ್ಮೋಸ್ಟಾಟ್ ಅಂದರೆ ಏನು ಅಂತ ಕೇಳುವವರಿಗೆ ನಾನು ಬಾಯಲ್ಲಿ ಹೇಳುವುದಿಲ್ಲ, ತೋರಿಸುತ್ತೇನೆ. ಟೀ ಕಾಯಿಸುವ ಪಾತ್ರೆಯಲ್ಲಿ ನೀರಿಟ್ಟು ಒಳಗೆ ಥರ್ಮೋಸ್ಟಾಟ್ ಇಳಿಬಿಡುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಿಲ್ಲೆ, ನಡುವೆ ಒಂದು ಸ್ಪ್ರಿಂಗು, ಸ್ಪ್ರಿಂಗಿನೊಳಗೆ ಮೇಣ ತುಂಬಿದ ಪುಟ್ಟ ಹಿತ್ತಾಳೆ ಡಬ್ಬಿ. ನೀರು ಬೆಚ್ಚಗಾದರೂ ಅದು ಅಲ್ಲಾಡುವುದಿಲ್ಲ. ತಳದಲ್ಲಿ ಗುಳ್ಳೆ ಏಳುತ್ತದೆ, ಆಗಲೂ ಇಲ್ಲ. ನೀರು 80 ಡಿಗ್ರಿ ದಾಟಿ ಇನ್ನೇನು ಕುದಿಯಬೇಕು ಅನ್ನುವಾಗ ಒಳಗಿನ ಮೇಣ ಕರಗಿ ಹಿಗ್ಗುತ್ತದೆ, ಬಿಲ್ಲೆ ನಿಧಾನವಾಗಿ ಬಾಯಿ ತೆರೆಯುತ್ತದೆ. ಒಲೆ ಆರಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕಾರಿನಲ್ಲೂ ಅಷ್ಟೇ. ಇಂಜಿನ್ ತಕ್ಕಷ್ಟು ಬಿಸಿಯಾಗುವ ತನಕ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಬಾಗಿಲು ಅದು.

ಆ ಬಾಗಿಲೇ ಇಲ್ಲದಿದ್ದರೆ ಸ್ಟಾರ್ಟ್ ಮಾಡಿದ ಕ್ಷಣದಿಂದ ಕೂಲೆಂಟ್ ರೇಡಿಯೇಟರ್‌ಗೆ ಹೋಗಿ ತಣ್ಣಗಾಗುತ್ತಲೇ ಇರುತ್ತದೆ. ಕ್ಯಾತ್ಸಂದ್ರ ದಾಟಿ ಹೈವೇ ಹಿಡಿದ ಮೇಲಂತೂ ಎದುರು ಗಾಳಿಗೆ ಇನ್ನೂ ತಣ್ಣಗಾಗುತ್ತದೆ. 85-90 ಡಿಗ್ರಿಯಲ್ಲಿ ಇರಬೇಕಾದ ಇಂಜಿನ್ 60-65ರಲ್ಲಿ ಓಡುತ್ತದೆ. ನಿಮ್ಮ ಕಾರಿನ ಕಂಪ್ಯೂಟರ್ ಸೆನ್ಸರ್ ನೋಡಿ "ಇಂಜಿನ್ ಇನ್ನೂ ಕಾದಿಲ್ಲ" ಅಂದುಕೊಳ್ಳುತ್ತದೆ. ತಣ್ಣನೆ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಕೊಡಬೇಕು ಅನ್ನುವುದು ಅದಕ್ಕೆ ಕಲಿಸಿದ ಪಾಠ, ಕೊಡುತ್ತಲೇ ಇರುತ್ತದೆ. ಆಯಿಲ್ ಕೂಡ ಗಟ್ಟಿಯಾಗಿಯೇ ಇರುತ್ತದೆ, ಇಂಜಿನ್ ತಿರುಗುವುದಕ್ಕೇ ಜಾಸ್ತಿ ಶ್ರಮ. 25 ಕಿ.ಮೀ. ಪೂರ್ತಿ ನೀವು ಬೆಳಗಿನ ಮೊದಲ ಎರಡು ನಿಮಿಷದ ಸ್ಥಿತಿಯಲ್ಲೇ ಓಡಿಸಿದ ಹಾಗೆ.

ಪತ್ತೆ ಮಾಡುವುದು ಸುಲಭ. ಡ್ಯಾಶ್‌ಬೋರ್ಡ್‌ನಲ್ಲಿ ಟೆಂಪರೇಚರ್ ಮುಳ್ಳಿದ್ದರೆ ಹೈವೇನಲ್ಲಿ ಅದು ಮಧ್ಯಕ್ಕೆ ಬರುತ್ತದಾ ನೋಡಿ. ಕೆಲವು ಕಾರುಗಳಲ್ಲಿ ಮುಳ್ಳಿನ ಬದಲು ನೀಲಿ ಲೈಟ್ ಇರುತ್ತದೆ. ಅದು ಕೆಲವು ನಿಮಿಷದಲ್ಲಿ ಆರಬೇಕು. ಇನ್ನೂ ಖಚಿತ ಬೇಕೆಂದರೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ, ಕೂಲೆಂಟ್ ಟೆಂಪರೇಚರ್ ಓಡುವಾಗ ಎಷ್ಟಿದೆ ಅಂತ ಓದಿಸಿ. ಅದೇ ಸ್ಕ್ಯಾನರ್‌ನಲ್ಲಿ ಹೊಗೆ ನೋಡಿ ಪೆಟ್ರೋಲ್ ಹೆಚ್ಚಾಯಿತಾ ಕಡಿಮೆಯಾಯಿತಾ ಅಂತ ಕಂಪ್ಯೂಟರ್‌ಗೆ ಹೇಳುವ ಆಕ್ಸಿಜನ್ ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅನ್ನುವುದನ್ನೂ ನೋಡಿಬಿಡಲಿ. ಹತ್ತು ವರ್ಷ ದಾಟಿದ ಕಾರಿನಲ್ಲಿ ಪೆಟ್ರೋಲ್ ಕುಡಿಯುವ ಇನ್ನೊಂದು ಜಾಗ ಅದು.

ಥರ್ಮೋಸ್ಟಾಟ್ ಇಲ್ಲ ಅಂತ ಗೊತ್ತಾದರೆ ಹೊಸದು ಹಾಕಿಸಿ. ನಿಮ್ಮಂಥ ಕಾರುಗಳಿಗೆ ಅದು ದೊಡ್ಡ ಖರ್ಚಲ್ಲ, ಕೂಲೆಂಟ್ ಮತ್ತು ಕೂಲಿ ಸೇರಿಸಿದರೂ ನೀವು ಒಂದು ತಿಂಗಳಲ್ಲಿ ಕಳೆದುಕೊಳ್ಳುತ್ತಿರುವ ಹಣದ ಆಸುಪಾಸಿನಲ್ಲೇ ಮುಗಿಯಬೇಕು. ಆದರೆ ಇಲ್ಲಿ ಒಂದು ಅಪಾಯ ಇದೆ, ದಯವಿಟ್ಟು ಗಮನಿಸಿ. ಮೊದಲು ಇಂಜಿನ್ ಬಿಸಿಯಾದದ್ದು ಯಾಕೆ ಅನ್ನುವುದಕ್ಕೆ ಉತ್ತರ ಸಿಗದೆ ಥರ್ಮೋಸ್ಟಾಟ್ ಮಾತ್ರ ವಾಪಸ್ ಹಾಕಿದರೆ ಹಳೇ ತೊಂದರೆ ಮತ್ತೆ ಬರಬಹುದು. ಬಿಸಿಯಾದ ಇಂಜಿನ್ ಓಡಿಸಿದರೆ ಇಂಜಿನ್ ಮೇಲ್ಭಾಗದ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತದೆ, ಆಗಿನ ಬಿಲ್ಲು ಹತ್ತಾರು ಸಾವಿರ. ಹಾಗಾಗಿ ರೇಡಿಯೇಟರ್ ಕಟ್ಟಿಲ್ಲವಾ, ಫ್ಯಾನ್ ತಾನಾಗೇ ಆನ್ ಆಗುತ್ತದಾ, ಕ್ಯಾಪ್ ಸರಿಯಿದೆಯಾ, ಒಳಗೆ ಕೂಲೆಂಟ್ ಇದೆಯಾ ಬರೀ ನಲ್ಲಿ ನೀರಾ ಎನ್ನುವ ನಾಲ್ಕೂ ನೋಡಿಸಿ. ನಮ್ಮ ಜಿಲ್ಲೆಯ ಬೋರ್ ನೀರು ಗಡಸು. ರೇಡಿಯೇಟರ್‌ಗೆ ಅದನ್ನೇ ತುಂಬುತ್ತಾ ಬಂದರೆ ಪಾತ್ರೆ ತಳದಲ್ಲಿ ಕಟ್ಟುವಂಥ ಬಿಳಿ ಪದರ ಒಳಗೂ ಕಟ್ಟುತ್ತದೆ.

ಒಂದು ವೇಳೆ ನನ್ನ ಊಹೆ ತಪ್ಪಾಗಿ, ಥರ್ಮೋಸ್ಟಾಟ್ ಅದರ ಜಾಗದಲ್ಲೇ ಇದ್ದರೆ? ಆಗಲೂ ಅದು ತೆರೆದೇ ಸಿಕ್ಕಿಹಾಕಿಕೊಂಡಿರಬಹುದು. ಅದೂ ಚೆನ್ನಾಗಿದ್ದರೆ ಚಕ್ರಗಳ ಕಡೆ ಬನ್ನಿ. ಹೈವೇನಿಂದ ಬಂದು ನಿಲ್ಲಿಸಿದ ತಕ್ಷಣ ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಸಾಕು. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿ ಅನ್ನಿಸಿದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಬ್ರೇಕ್ ಹಿಡಿದುಕೊಂಡೇ 50 ಕಿ.ಮೀ. ಓಡಿಸುವುದು ಅಂದರೆ ಎಷ್ಟು ಪೆಟ್ರೋಲ್ ಬೇಕು ನೀವೇ ಯೋಚಿಸಿ. ಇದನ್ನು ಮೈಲೇಜ್‌ಗಾಗಿ ಅಲ್ಲದಿದ್ದರೂ ಜೀವಕ್ಕಾಗಿ ಸರಿ ಮಾಡಿಸಲೇಬೇಕು.

ಟೈರ್ ಗಾಳಿ ಎಲ್ಲರಿಗೂ ಗೊತ್ತಿರುವ ವಿಷಯ, ಎಲ್ಲರೂ ಬಿಡುವ ವಿಷಯ. ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕರ್‌ನಲ್ಲಿ ಬರೆದಿರುತ್ತದೆ. ಟೈರ್ ಪಕ್ಕದಲ್ಲಿ ಅಚ್ಚಾಗಿರುವುದು ಟೈರ್ ತಡೆದುಕೊಳ್ಳುವ ಗರಿಷ್ಠ ಗಾಳಿ, ಅದನ್ನು ನೋಡಿ ಹಾಕಿಸಬೇಡಿ. ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿಸಿ. ಇದರಿಂದ ಸಿಗುವುದು ಒಂದೆರಡು ಪರ್ಸೆಂಟ್, ಮೂರು ದಾಟುವುದಿಲ್ಲ. ಮೈಲೇಜ್ ಸಿಗಲಿ ಅಂತ ಐದಾರು ಪಿಎಸ್‌ಐ ಜಾಸ್ತಿ ಹಾಕಿಸುವವರಿದ್ದಾರೆ. ಮಳೆಯಲ್ಲಿ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಟೈರ್ ನಡುವೆ ಮಾತ್ರ ಸವೆಯುತ್ತದೆ. ಬೇಡ.

ಈಗ ನೀವು ಬರೆದ ಒಂದು ಮಾತಿಗೆ ಬರುತ್ತೇನೆ. ಊಟದ ಮೇಲಿನ 20 ನಿಮಿಷ. ನಿಂತ ಕಾರಿನಲ್ಲಿ ಇಂಜಿನ್ ಓಡಿಸಿ ಎಸಿ ಹಾಕಿದರೆ ಗಂಟೆಗೆ ಒಂದು ಲೀಟರ್ ಹತ್ತಿರ ಹತ್ತಿರ ಹೋಗುತ್ತದೆ. 20 ನಿಮಿಷಕ್ಕೆ 300 ಎಂ.ಎಲ್. 25 ದಿನಕ್ಕೆ ಏಳೂವರೆ ಲೀಟರ್. ಸುಮಾರು 775 ರೂಪಾಯಿ. ನಿಮ್ಮ ಪತ್ರದ 27 ಲೀಟರ್‌ನಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲೇ ಸಿಕ್ಕಿತು! ಕಾರು ಒಂದು ಮೀಟರ್ ಕೂಡ ಓಡದೆ ಪೆಟ್ರೋಲ್ ಖರ್ಚಾದಾಗ ನಿಮ್ಮ ಲೆಕ್ಕದಲ್ಲಿ ಮೈಲೇಜ್ ಇಳಿದ ಹಾಗೆ ಕಾಣುತ್ತದೆ. ನಿಮ್ಮ ವಿಶ್ರಾಂತಿಗೆ ಕಲ್ಲು ಹಾಕುವ ಉದ್ದೇಶ ನನ್ನದಲ್ಲ. ದಿನವಿಡೀ ಲೆಕ್ಕ ನೋಡಿದ ಕಣ್ಣಿಗೆ ಅದು ಬೇಕು. ನೆರಳಿನಲ್ಲಿ ಕಿಟಕಿ ಇಳಿಸಿ ಕೂರಲು ಆಗುತ್ತದಾ, ಫ್ಯಾಕ್ಟರಿಯಲ್ಲೇ ಒಂದು ಜಾಗ ಸಿಗುತ್ತದಾ ನೋಡಿ. ಹಣಕ್ಕಿಂತ ಇನ್ನೊಂದು ಕಾರಣಕ್ಕೆ ಹೇಳುತ್ತಿದ್ದೇನೆ: ಗಾಜು ಮುಚ್ಚಿ, ಇಂಜಿನ್ ಓಡಿಸಿಕೊಂಡು, ನಿಂತ ಕಾರಿನಲ್ಲಿ ನಿದ್ದೆ ಮಾಡಬಾರದು. ಹಳೇ ಕಾರಿನ ಸೈಲೆನ್ಸರ್‌ನಲ್ಲಿ ಒಂದು ತೂತು ಇದ್ದರೂ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು. ಅದಕ್ಕೆ ವಾಸನೆ ಇಲ್ಲ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೂ ಇಲ್ಲ.

ಸಿಗ್ನಲ್‌ನಲ್ಲೂ ಅಷ್ಟೇ. ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ನಿಲ್ಲಬೇಕು ಅಂತ ಗೊತ್ತಿದ್ದರೆ ಆಫ್ ಮಾಡಿ. ಸ್ಟಾರ್ಟ್ ಮಾಡಲು ಜಾಸ್ತಿ ಪೆಟ್ರೋಲ್ ಬೇಕು ಅನ್ನುವುದು ಕಾರ್ಬೊರೇಟರ್ ಕಾಲದ ಮಾತು. ಆದರೆ ನಿಮ್ಮ ಬ್ಯಾಟರಿ ಹಳೆಯದಾಗಿದ್ದರೆ ಪ್ರತಿ ಸಿಗ್ನಲ್‌ನಲ್ಲೂ ಮಾಡಬೇಡಿ, ರೈಲ್ವೆ ಗೇಟು, ದೊಡ್ಡ ಜಾಮ್ ಇದ್ದಾಗ ಮಾಡಿದರೆ ಸಾಕು.

ಹೈವೇ ವೇಗದ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಬೇಗ ಮುಟ್ಟಿದರೆ ಇಂಜಿನ್ ಕಡಿಮೆ ಹೊತ್ತು ಓಡುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಅದು ಮಾಡುವ ಕೆಲಸ ಬಹಳ ಜಾಸ್ತಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಜಾಸ್ತಿ, ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ನನ್ನ ಅನುಭವದಲ್ಲಿ ಸಣ್ಣ ಕಾರುಗಳು 100ರಲ್ಲಿ ಹೋದಾಗ 80ರಲ್ಲಿ ಕೊಡುವುದಕ್ಕಿಂತ ಲೀಟರಿಗೆ ಎರಡು ಮೂರು ಕಿ.ಮೀ. ಕಡಿಮೆ ಕೊಡುತ್ತವೆ. ಸಮಯ ಎಷ್ಟು ಉಳಿಯಿತು? 25 ಕಿ.ಮೀ. ಪೂರ್ತಿ 100ರಲ್ಲೇ ಹೋದಿರಿ ಅಂತಿಟ್ಟುಕೊಳ್ಳಿ, 15 ನಿಮಿಷ. 80ರಲ್ಲಿ ಹೋದರೆ 19 ನಿಮಿಷಕ್ಕೂ ಸ್ವಲ್ಪ ಕಡಿಮೆ. ನಾಲ್ಕು ನಿಮಿಷ ಮುಂಚೆ ಹೊರಟರೆ ಮುಗಿಯಿತು. 80ರಲ್ಲಿ ಎಡಗಡೆ ಲೇನ್‌ನಲ್ಲಿ ಹೋಗಿ. ಲಾರಿ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಡೆ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಆ ರಸ್ತೆಯಲ್ಲಿ ಲಾರಿ ಯಾವಾಗ ಬ್ರೇಕ್ ಹಾಕುತ್ತದೆ, ಯಾವ ಲಾರಿಗೆ ಬ್ರೇಕ್ ಲೈಟ್ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮ ಭಾವ ಹೇಳಿದ ನ್ಯೂಟ್ರಲ್ ಮಾತೂ ಕಾರ್ಬೊರೇಟರ್ ಕಾಲದ್ದೇ. ಆಗ ಅದರಲ್ಲಿ ಅರ್ಥ ಇತ್ತು. ನಿಮ್ಮದು ಇಂಜೆಕ್ಷನ್ ಇರುವ ಕಾರು, ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ, ಕಂಪ್ಯೂಟರ್ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದ ತಕ್ಷಣ ಇಂಜಿನ್ ತಾನೇ ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕು. ಉಳಿಸಲು ಹೋಗಿ ಖರ್ಚು ಮಾಡಿದ ಹಾಗೆ. ಘಾಟಿಯಲ್ಲಂತೂ ಇದು ಪ್ರಾಣಕ್ಕೇ ಅಪಾಯ. ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ನ್ಯೂಟ್ರಲ್‌ನಲ್ಲಿ ಇಳಿದರೆ ಇಂಜಿನ್ ಹಿಡಿತ ಇಲ್ಲದೆ ಭಾರ ಎಲ್ಲಾ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದು, ಪೆಡಲ್ ಒತ್ತಿದರೂ ಹಿಡಿಯದ ಹಾಗಾಗುತ್ತದೆ. ಭಾವನಿಗೂ ಇದನ್ನು ಹೇಳಿ. ಹಂಪ್ ಅಥವಾ ಸಿಗ್ನಲ್ ದೂರದಲ್ಲಿ ಕಂಡಾಗಲೇ ಕಾಲು ತೆಗೆದು ಗೇರ್‌ನಲ್ಲೇ ಉರುಳಿಸಿಕೊಂಡು ಹೋಗುವುದು ಒಳ್ಳೆಯ ಅಭ್ಯಾಸ. ಊರೊಳಗೆ ಮೈಲೇಜ್ ಉಳಿಯುವುದು ಅಲ್ಲಿ. ಕೊನೆ ಗಳಿಗೆಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಕೊಂಡ ಪೆಟ್ರೋಲ್ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ಬಂಕ್ ವಿಷಯ ಬೇಗ ಮುಗಿಸುತ್ತೇನೆ. 500 ಇರಲಿ 510 ಇರಲಿ, ಯಂತ್ರ ಅಳೆಯುವುದು ಲೀಟರ್, ಹಣ ಅದರ ಲೆಕ್ಕ. ಬೆಳಗಿನ ತಂಪಿನಲ್ಲಿ ಪೆಟ್ರೋಲ್ ಗಟ್ಟಿ ಅನ್ನುವುದಕ್ಕೂ ಹೆಚ್ಚು ಅರ್ಥ ಇಲ್ಲ, ಟ್ಯಾಂಕ್ ನೆಲದೊಳಗೆ ಇರುತ್ತದೆ, ಅಲ್ಲಿ ಹಗಲು ರಾತ್ರಿ ಬಿಸಿಯಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಅಳತೆ ಮೇಲೆ ಅನುಮಾನ ಇದ್ದರೆ ಕೇಳುವ ಹಕ್ಕು ನಿಮಗಿದೆ. ಪ್ರತಿ ಬಂಕ್‌ನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರಲೇಬೇಕು. ಅದಕ್ಕೆ ಹಾಕಿ ತೋರಿಸಿ ಅನ್ನಿ. 25 ಎಂ.ಎಲ್. ಆಚೀಚೆ ಇದ್ದರೆ ನಿಯಮದ ಒಳಗೆ, ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಿ.

ಮ್ಯಾಗ್ನೆಟ್‌ಗೆ ಹಣ ಹಾಕಬೇಡಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಡಬ್ಬಿ, ಟ್ಯಾಂಕ್‌ಗೆ ಹಾಕುವ ಮಾತ್ರೆ, ಎಲ್ಲಾ ಒಂದೇ ಜಾತಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ವಸ್ತುಗಳನ್ನು ಪರೀಕ್ಷೆ ಮಾಡಿದೆ. ಹೇಳಿಕೊಳ್ಳುವಷ್ಟು ಮೈಲೇಜ್ ಕೊಟ್ಟದ್ದು ಯಾವುದೂ ಇಲ್ಲ. ನಿಮ್ಮ ಕಾರಿಗೆ ದುಬಾರಿ ಪ್ರೀಮಿಯಂ ಪೆಟ್ರೋಲ್ ಕೂಡ ಬೇಡ. ಏರ್ ಫಿಲ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಜೆಕ್ಷನ್ ಕಾರುಗಳಲ್ಲಿ ಕೊಳೆಯಾದ ಫಿಲ್ಟರ್ ಪಿಕಪ್ ಇಳಿಸುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಇಳಿಸುವುದಿಲ್ಲ. ಸರ್ವಿಸ್‌ನಲ್ಲಿ ಬದಲಾಯಿಸಿ, ಅದರಿಂದ ಪವಾಡ ನಿರೀಕ್ಷಿಸಬೇಡಿ.

ಇಷ್ಟೆಲ್ಲಾ ಆದ ಮೇಲೆ ಸಿಎನ್‌ಜಿ. ಕಾರು ಸರಿಯಾಗಿ ಲೀಟರಿಗೆ 16 ಬಂತು ಅಂದುಕೊಳ್ಳಿ. ಪೆಟ್ರೋಲ್‌ನಲ್ಲಿ ಕಿ.ಮೀ.ಗೆ ಆರೂವರೆ ರೂಪಾಯಿ ಬೀಳುತ್ತದೆ. ಸಿಎನ್‌ಜಿ ಕೆ.ಜಿ.ಗೆ 22 ಕಿ.ಮೀ. ಕೊಟ್ಟು, ಬೆಲೆ 90 ರೂಪಾಯಿ ಅಂತ ಹಿಡಿದರೆ ನಾಲ್ಕು ರೂಪಾಯಿ ಚಿಲ್ಲರೆ. ತಿಂಗಳಿಗೆ ಮೂರೂವರೆ ಸಾವಿರ ಉಳಿಯುತ್ತದೆ. ಕಿಟ್‌ಗೆ 60 ಸಾವಿರ ಆದರೆ ಒಂದೂವರೆ ವರ್ಷದಲ್ಲಿ ಹಣ ವಾಪಸ್. ಲೆಕ್ಕ ಚೆನ್ನಾಗೇ ಇದೆ. ಆದರೆ ನಿಮ್ಮ ಕಾರಿನ ಆರ್‌ಸಿ 2029ರಲ್ಲಿ ಮುಗಿಯುತ್ತದೆ, ಆಮೇಲೆ ಎಫ್‌ಸಿ ಮಾಡಿಸಿ ಮುಂದುವರಿಸಬೇಕು. ಅಷ್ಟು ದಿನ ಈ ಕಾರು ಇಟ್ಟುಕೊಳ್ಳುತ್ತೀರಾ ಅಂತ ಮೊದಲು ತೀರ್ಮಾನ ಮಾಡಿ. ಡಿಕ್ಕಿ ಜಾಗ ಬಹುತೇಕ ಹೋಗುತ್ತದೆ. ಪಿಕಪ್ ಇಳಿಯುತ್ತದೆ, ಲಾರಿ ಓವರ್‌ಟೇಕ್ ಮಾಡುವಾಗ ಅದು ಗೊತ್ತಾಗುತ್ತದೆ. ಕಿಟ್ ಅನುಮೋದನೆ ಪಡೆದದ್ದೇ ಆಗಿರಬೇಕು, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು, ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ತಿಳಿಸದಿದ್ದರೆ ಅಪಘಾತ ಆದಾಗ ಕ್ಲೈಮ್ ಸಿಗದೆ ಹೋಗಬಹುದು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಕಡ್ಡಾಯ. ಎಲ್ಲಕ್ಕಿಂತ ಮುಖ್ಯ, ಕೂಲಿಂಗ್ ಸರಿಯಿಲ್ಲದ ಇಂಜಿನ್‌ಗೆ ಕಿಟ್ ಹಾಕಿಸಬೇಡಿ. ರೋಗ ಇಟ್ಟುಕೊಂಡು ಅದರ ಮೇಲೆ 60 ಸಾವಿರ ಕಟ್ಟಿದ ಹಾಗಾಗುತ್ತದೆ. ಅಡುಗೆ ಮನೆಯ ಗ್ಯಾಸ್ ಸಿಲಿಂಡರ್ ಇಟ್ಟು ಓಡಿಸುವ "ಅಗ್ಗದ ದಾರಿ" ಯಾರಾದರೂ ಹೇಳಿದರೆ ಅವರ ಜೊತೆ ಆ ಮಾತನ್ನೇ ಮುಂದುವರಿಸಬೇಡಿ.

ಇನ್ನೊಂದು ದಾರಿ ನಿಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ದಿನಾ ಬಸ್ಸಲ್ಲಿ ಹೋಗಿ ಅನ್ನುತ್ತಿಲ್ಲ. ತಿಂಗಳ ಕೊನೆಯಲ್ಲಿ ಅಕೌಂಟ್ಸ್‌ನವರು ಎಷ್ಟು ಹೊತ್ತಿಗೆ ಹೊರಬರುತ್ತಾರೆ ಅಂತ ನನಗೂ ಗೊತ್ತು. ಆದರೆ ವಾರದಲ್ಲಿ ಎರಡು ದಿನ, ಕೆಲಸ ಕಡಿಮೆ ಇರುವಾಗ ಹೋದರೆ ತಿಂಗಳಿಗೆ 400 ಕಿ.ಮೀ. ಕಾರು ಓಡುವುದಿಲ್ಲ. ಲೀಟರಿಗೆ 16ರ ಲೆಕ್ಕದಲ್ಲಿ 25 ಲೀಟರ್, ಎರಡೂವರೆ ಸಾವಿರ ರೂಪಾಯಿ. ಕಳೆದುಹೋದ ಮೈಲೇಜ್‌ನ ಬೆಲೆ ಹತ್ತಿರ ಹತ್ತಿರ ಇಷ್ಟೇ ಅಲ್ವಾ? ಇಲ್ಲವೇ ತುಮಕೂರಿನಿಂದ ಬರುವ ಸಹೋದ್ಯೋಗಿಗಳು ಇಬ್ಬರು ಸಿಕ್ಕರೆ ಪೆಟ್ರೋಲ್ ಹಣ ಹಂಚಿಕೊಂಡು ಬನ್ನಿ. ಹಂಚಿಕೊಳ್ಳುವುದು ಸರಿ, ವೈಟ್ ಬೋರ್ಡ್ ಕಾರಿನಲ್ಲಿ ಬಾಡಿಗೆ ಲೆಕ್ಕದಲ್ಲಿ ಜನ ಕೂರಿಸಿಕೊಳ್ಳುವುದು ಬೇರೆ, ಅದು ಬೇಡ.

ಕೊನೆಗೆ ಅಳತೆಯ ಮಾತು. ನೀವು 500ರ ಲೆಕ್ಕದಲ್ಲಿ ಹಾಕಿಸುವುದರಿಂದ 13 ಅನ್ನುವುದೂ ಅಂದಾಜೇ. ಒಮ್ಮೆ ಫುಲ್ ಟ್ಯಾಂಕ್ ಮಾಡಿಸಿ. ನಾಝಲ್ ಮೊದಲ ಸಲ ತಾನಾಗೇ ಕಟ್ ಆದಾಗ ನಿಲ್ಲಿಸಲು ಹೇಳಿ, ಮೇಲೆ ಮೇಲೆ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. 300 ಕಿ.ಮೀ. ಆದ ಮೇಲೆ ಅದೇ ಬಂಕ್‌ನ ಅದೇ ಯಂತ್ರದಲ್ಲಿ ಮತ್ತೆ ಮೊದಲ ಕಟ್ ತನಕ ಹಾಕಿಸಿ. ಓಡಿದ ಕಿ.ಮೀ.ಯನ್ನು ಈಗ ಹಿಡಿಸಿದ ಲೀಟರ್‌ನಿಂದ ಭಾಗಿಸಿ. ಥರ್ಮೋಸ್ಟಾಟ್ ಕೆಲಸಕ್ಕೆ ಮುಂಚೆ ಒಂದು ಸಲ, ಆಮೇಲೆ ಎರಡು ಸಲ ಹೀಗೆ ಮಾಡಿ ಬರೆದಿಟ್ಟುಕೊಳ್ಳಿ. ಆ ಮೂರು ಸಂಖ್ಯೆಯನ್ನೂ, ಸ್ಕ್ಯಾನರ್‌ನಲ್ಲಿ ಕಂಡ ಕೂಲೆಂಟ್ ಟೆಂಪರೇಚರನ್ನೂ ನನಗೆ ಬರೆದು ಕಳಿಸಿ. ಸಿಎನ್‌ಜಿ ಹಾಕಿಸಬೇಕಾ ಬೇಡವಾ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.